ಡೇಟ್ ಮುಗಿದ ಪ್ಯಾಕೆಟ್: ಮೂಗಿನಿಂದ ಬಿಲ್‌ವರೆಗೆ ಒಂದು ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯ ರೂಪ)

ಇವತ್ತು ಒಂದು ಸಣ್ಣ ಮಾತುಕತೆಯಿಂದ ಶುರು ಮಾಡೋಣ. ಇದು ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಯಾವ ಊರಿನ ಕಿರಾಣಿ ಅಂಗಡಿಯಲ್ಲಾದರೂ ನಡೆಯಬಹುದು.

"ಕಾಕಾ, ಇದರ ಡೇಟ್ ಹೋದ ತಿಂಗಳನ ಮುಗದೈತಿ ನೋಡ್ರಿ."

"ಏನೂ ಆಗಂಗಿಲ್ಲ ತಗೊಳವಾ. ನಮ್ಮ ಮನ್ಯಾಗೂ ಇದನ್ನ ತಿಂತೀವಿ."

ಮಾತು ಅಲ್ಲಿಗೇ ಮುಗಿಯುತ್ತೆ. ಯಾಕಂದ್ರೆ ಆ ಹುಡುಗಿಯ ಮನೆಯ ಉದ್ರಿ ಲೆಕ್ಕ ಇರೋದು ಅದೇ ಕಾಕಾನ ಪುಸ್ತಕದಲ್ಲಿ. ಇಪ್ಪತ್ತು ರೂಪಾಯಿ ಪ್ಯಾಕೆಟ್‌ಗೋಸ್ಕರ ಜಗಳ ಆಡಿದರೆ ನಾಳೆ ಅಕ್ಕಿ, ಎಣ್ಣೆ ಯಾರು ಕೊಡ್ತಾರೆ?

ಅವಧಿ ಮುಗಿದ ತಿನಿಸು ಕೊಟ್ಟರೆ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ಸಣ್ಣ ಉತ್ತರ ಇದೆ: ತಿನ್ನಬೇಡಿ, ಪ್ಯಾಕೆಟ್ ಬಿಸಾಡಬೇಡಿ, ಬಿಲ್ ಇಟ್ಟುಕೊಳ್ಳಿ, ಮೊದಲು ಅಂಗಡಿಗೆ ಹೇಳಿ, ಕೇಳದಿದ್ದರೆ ದೂರು ಕೊಡಿ. ಆದರೆ ಈ ಐದು ಮಾತುಗಳ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಕಥೆ ಇದೆ. ಆ ಕಥೆ ಗೊತ್ತಾದರೆ ಬಿಲ್‌ಗೆ, ಆ ಖಾಲಿ ಪ್ಯಾಕೆಟ್‌ಗೆ ಯಾಕಿಷ್ಟು ಬೆಲೆ ಅಂತ ತಾನಾಗಿಯೇ ಅರ್ಥ ಆಗುತ್ತೆ.

ಮೂಗೇ ಕಾನೂನಾಗಿದ್ದ ಕಾಲ

ಪ್ಯಾಕೆಟ್ ಇಲ್ಲದ ಕಾಲದಲ್ಲಿ ಮಾಲು ಹಳೆಯದಾ ಹೊಸದಾ ಅಂತ ಹೇಳುತ್ತಿದ್ದದ್ದು ಕಣ್ಣು, ಮೂಗು, ನಾಲಿಗೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. ಕಡ್ಡಿ ತಳಿಯೋ ಡಬ್ಬಿ ತಳಿಯೋ, ಬಣ್ಣ ಎಷ್ಟು ಗಾಢ, ಸಿಪ್ಪೆಯ ಸುಕ್ಕು ಹೇಗಿದೆ, ಕಾಯಿ ಒಣಗಿದೆಯಾ ಹಸಿ ಇದೆಯಾ ಅನ್ನೋದನ್ನು ಅನುಭವ ಇರೋ ಖರೀದಿದಾರರು ಕೈಯಲ್ಲಿ ಹಿಡಿದೇ ಹೇಳ್ತಾರೆ. ಅದೇ ಕಾಯಿ ಪುಡಿಯಾಗಿ, ಬಣ್ಣದ ಪ್ಯಾಕೆಟ್ ಒಳಗೆ ಸೇರಿದ ಮೇಲೆ? ಕಣ್ಣಿಗೆ ಕಾಣಲ್ಲ, ಮೂಗಿಗೆ ವಾಸನೆ ಬರಲ್ಲ. ಪ್ಯಾಕೆಟ್ ಧೂಳನ್ನು ತಡೀತು, ನಿಜ. ಜೊತೆಗೆ ಗ್ರಾಹಕರ ಹತ್ತಿರ ಇದ್ದ ಹಳೆಯ ಪರೀಕ್ಷೆಯನ್ನೂ ಕಿತ್ತುಕೊಂಡಿತು.

ಹಾಗಂತ ಹಿಂದೆ ಎಲ್ಲ ಸರಿಯಾಗಿತ್ತು ಅಂತ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯ, ಎಣ್ಣೆ, ಉಪ್ಪು, ಔಷಧಿಗಳಿಗೆ ಕಳಪೆ ಮಾಲು ಬೆರೆಸಿದವರಿಗೆ 12 ಪಣ ದಂಡ ಅಂತ ಹೇಳಿದೆ. ಅಂದರೆ ಮೋಸ ಹಳೆಯದು, ದಂಡವೂ ಹಳೆಯದು. ಹೊಸದಾಗಿ ಬಂದದ್ದು ಸಾಕ್ಷಿ.

"ನನಗ ಗೊತ್ತಿರಲಿಲ್ರಿ"

ಈಗ 1860ಕ್ಕೆ ಬನ್ನಿ. ಆಗ ಮೇಡ್ಲೇರಿ ಇದ್ದದ್ದು ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ. ಆ ವರ್ಷ ಬ್ರಿಟಿಷರು ಭಾರತೀಯ ದಂಡ ಸಂಹಿತೆ ತಂದರು. ಅದರ 273ನೇ ಸೆಕ್ಷನ್, ಕೆಟ್ಟುಹೋದ, ತಿನ್ನಲು ಯೋಗ್ಯವಲ್ಲದ ಆಹಾರ ಮಾರುವವರ ಬಗ್ಗೆ. ಶಿಕ್ಷೆ ಆರು ತಿಂಗಳವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಕಾಲಕ್ಕೆ ಸಾವಿರ ರೂಪಾಯಿ ಅಂದ್ರೆ ದೊಡ್ಡ ಮೊತ್ತ.

ಆದರೆ ಆ ಸೆಕ್ಷನ್‌ನಲ್ಲಿ ಒಂದು ಷರತ್ತು ಇತ್ತು. ಮಾಲು ಕೆಟ್ಟಿದೆ ಅಂತ ಮಾರಿದವನಿಗೆ ಗೊತ್ತಿರಬೇಕು, ಅಥವಾ ಗೊತ್ತಾಗಲು ಕಾರಣ ಇರಬೇಕು. ಮೂಟೆಯಲ್ಲಿರೋ ಹಿಟ್ಟಿಗೆ, ಡಬ್ಬಿಯಲ್ಲಿರೋ ಎಣ್ಣೆಗೆ ತಾರೀಖು ಎಲ್ಲಿದೆ? "ನನಗ ಗೊತ್ತಿರಲಿಲ್ರಿ" ಅಂದರೆ ಅದನ್ನು ಸುಳ್ಳು ಅಂತ ತೋರಿಸೋದು ಹೇಗೆ? ಕಾನೂನು ಇತ್ತು, ಅದನ್ನು ಹಿಡಿದು ನಿಲ್ಲಿಸೋ ಸಾಕ್ಷಿ ಇರಲಿಲ್ಲ. ಅದೇ ಮಾತುಗಳು ಸ್ವಲ್ಪ ಬದಲಾಗಿ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 275ನೇ ಸೆಕ್ಷನ್‌ನಲ್ಲೂ ಇವೆ.

ಬಾಂಬೆ ಪ್ರಾಂತ್ಯ 1925ರಲ್ಲಿ ಕಲಬೆರಕೆ ತಡೆಗೆ ಅಂತಲೇ ಪ್ರತ್ಯೇಕ ಕಾಯ್ದೆ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ, ಇಡೀ ದೇಶಕ್ಕೆ ಒಂದೇ ಅಂತ 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಬಂತು, 1955ರ ಜೂನ್ 1ರಂದು ಜಾರಿ ಆಯ್ತು. ಆಗಲೂ ಮೇಡ್ಲೇರಿ ಬಾಂಬೆ ರಾಜ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.

ಮೊಸರು ಹುಳಿಯಾಗಿ ಕೇಸು ಬಿದ್ದ ಕಥೆ

1954ರ ಕಾಯ್ದೆ ನಂಬಿದ್ದು ಲ್ಯಾಬನ್ನು. ಇನ್‌ಸ್ಪೆಕ್ಟರ್ ಬರ್ತಾರೆ, ಮಾದರಿ ತಗೊಳ್ತಾರೆ, ವಿಶ್ಲೇಷಕರು ವರದಿ ಕೊಡ್ತಾರೆ. ಆರೋಪಿಗೂ ಒಂದು ಹಕ್ಕು ಇತ್ತು: ಆ ವರದಿ ಒಪ್ಪಿಗೆ ಆಗದಿದ್ದರೆ ಮಾದರಿಯ ಇನ್ನೊಂದು ಭಾಗವನ್ನು ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಿ ಅಂತ ಕೇಳಬಹುದು. ಕೇಳೋಕೆ ನ್ಯಾಯವಾಗಿದೆ. ಆದರೆ ಆಹಾರ ಕಾಯಲ್ಲ ನೋಡಿ.

1961ರಲ್ಲಿ ದೆಹಲಿಯ ಒಂದು ಅಂಗಡಿಯಿಂದ ಮೊಸರಿನ ಮಾದರಿ ತಗೊಂಡರು. ಕೇಸು ಹಾಕಿದ್ದು 1962ರಲ್ಲಿ, ತಿಂಗಳುಗಟ್ಟಲೆ ಆದಮೇಲೆ. ಅಂಗಡಿಯವರು ತಮ್ಮ ಹಕ್ಕಿನ ಪ್ರಕಾರ ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಿ ಅಂದರು. ಅಲ್ಲಿ ಮುಚ್ಚಳ ತೆಗೆದು ನೋಡಿದರೆ ಮೊಸರು ಪರೀಕ್ಷೆ ಮಾಡೋಕೂ ಆಗದಷ್ಟು ಕೆಟ್ಟುಹೋಗಿತ್ತು. ದೆಹಲಿ ಪಾಲಿಕೆ ಮತ್ತು ಘೀಸಾ ರಾಮ್ ನಡುವಿನ ಈ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, 1967ರ ಕಾನೂನು ವರದಿಗಳಲ್ಲಿ ಸೇರಿತು. ಕೋರ್ಟ್ ಹೇಳಿದ್ದು ಇಷ್ಟು: ತಡ ಮಾಡಿದ್ದು ಪಾಲಿಕೆ, ಅದರಿಂದ ಆರೋಪಿಯ ಹಕ್ಕು ಹೋಯ್ತು, ಹಾಗಾಗಿ ಶಿಕ್ಷೆ ಕೊಡಲು ಆಗಲ್ಲ. ಬಿಡುಗಡೆಯೇ ಖಾಯಂ ಆಯ್ತು. ಮುಂದೆ ಕಲಬೆರಕೆ ಕೇಸುಗಳಲ್ಲಿ ತಡ ಆಯ್ತು ಅನ್ನೋ ವಾದ ಬಂದಾಗಲೆಲ್ಲ ಈ ಮೊಸರಿನ ತೀರ್ಪನ್ನು ವಕೀಲರು ಎತ್ತಿ ತೋರಿಸ್ತಾ ಬಂದರು.

ಇದು ಹಳೇ ಕಾಲದ ಮಾತು ಅನ್ನಿಸಿದರೆ, ನಿಮಗೆಲ್ಲ ನೆನಪಿರೋ ಮ್ಯಾಗಿ ಪ್ರಕರಣ ತಗೊಳ್ಳಿ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ 2014ರಲ್ಲಿ ತಗೊಂಡ ಮಾದರಿಯಿಂದ ಶುರುವಾದ ಗಲಾಟೆ, 2015ರ ಜೂನ್‌ನಲ್ಲಿ ದೇಶದಾದ್ಯಂತ ನಿಷೇಧಕ್ಕೆ ಬಂದು ನಿಂತಿತು. ಲ್ಯಾಬ್ ಪರೀಕ್ಷೆ ಮುಗಿಯೋ ಹೊತ್ತಿಗೆ ಆ ಬ್ಯಾಚಿನ ಅವಧಿ ಮುಗಿದಿತ್ತು ಅನ್ನೋದು ಕಂಪನಿಯ ಮಾತುಗಳಲ್ಲಿ ಒಂದು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ಅದಕ್ಕೆ ಕೋರ್ಟ್ ಕೊಟ್ಟ ಕಾರಣ ಬೇರೆ: ಕಂಪನಿಯ ಮಾತು ಸರಿಯಾಗಿ ಕೇಳಿಲ್ಲ, ಪರೀಕ್ಷೆ ಮಾಡಿದ ಲ್ಯಾಬ್‌ಗಳಿಗೆ ಬೇಕಾದ ಮಾನ್ಯತೆ ಇಲ್ಲ ಅಂತ. ಒಂದಂತೂ ಗೊತ್ತಾಯ್ತು. ಲ್ಯಾಬ್ ದಾರಿ ಉದ್ದ, ಅಷ್ಟರಲ್ಲಿ ತಿಂಡಿ ಹಳಸುತ್ತೆ, ಅದರ ಜೊತೆ ಸಾಕ್ಷಿಯೂ ಹಳಸುತ್ತೆ.

ಗುಟ್ಟಿನ ಕೋಡ್‌ನಿಂದ ತೆರೆದ ತಾರೀಖಿಗೆ

ಹಳಸದ ಸಾಕ್ಷಿ ಒಂದು ಬೇಕಿತ್ತು. ಅದೇ ತಾರೀಖು.

ಸೋಜಿಗ ಏನಂದ್ರೆ, ತಾರೀಖು ಮೊದಲು ಹುಟ್ಟಿದ್ದು ಗ್ರಾಹಕರಿಗೋಸ್ಕರ ಅಲ್ಲ. ಬ್ರಿಟನ್‌ನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಅಂಗಡಿಗಳು 1950ರ ದಶಕದಲ್ಲಿ ತಮ್ಮ ಗೋದಾಮಿನ ಅನುಕೂಲಕ್ಕೆ ತಾರೀಖು ಬಳಸುತ್ತಿದ್ದವು. ಅದು ಕೊಳ್ಳುವವರ ಕಣ್ಣಿಗೆ ಬಿದ್ದದ್ದು 1970ರ ದಶಕದಲ್ಲಿ. ಅಮೆರಿಕದಲ್ಲೂ ಕಂಪನಿಗಳು ಡಬ್ಬಿಗಳ ಮೇಲೆ ಅಕ್ಷರ, ಅಂಕಿಗಳ ಕೋಡ್ ಒತ್ತುತ್ತಿದ್ದವು. ಅಂಗಡಿಯವರಿಗೆ ಅದು ಅರ್ಥ ಆಗ್ತಿತ್ತು, ಗ್ರಾಹಕರಿಗೆ ಆಗ್ತಿರಲಿಲ್ಲ. ಅಲ್ಲಿನ ಎಸ್ತರ್ ಪೀಟರ್ಸನ್ ಅನ್ನೋ ಮಹಿಳೆ, ಎರಡು ಸರ್ಕಾರಗಳಲ್ಲಿ ಕೆಲಸ ಮಾಡಿದ್ದವರು, 1970ರಲ್ಲಿ ಜೈಂಟ್ ಫುಡ್ ಅನ್ನೋ ಅಂಗಡಿ ಸರಣಿಗೆ ಗ್ರಾಹಕ ಸಲಹೆಗಾರರಾಗಿ ಸೇರಿದರು. ಯಾರು ಬೇಕಾದರೂ ಓದಬಹುದಾದ ತಾರೀಖನ್ನು ಅಲ್ಲಿ ತಂದರು. ಯುರೋಪಿನ ದೇಶಗಳು 1979ರಲ್ಲಿ ಇದಕ್ಕೆ ಒಂದು ಸಾಮಾನ್ಯ ನಿಯಮವನ್ನೇ ಮಾಡಿದವು.

ಭಾರತದಲ್ಲಿ 1977ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳು ಬಂದವು. ಪ್ಯಾಕೆಟ್ ಮೇಲೆ ತೂಕ, ಬೆಲೆ, ತಯಾರಕರ ವಿಳಾಸದ ಜೊತೆ ತಯಾರಾದ ತಿಂಗಳು, ವರ್ಷ ಇರಲೇಬೇಕು ಅಂತಾಯ್ತು. ಇವು ಬಂದದ್ದು ಆಹಾರದ ಕಾನೂನಿನಿಂದಲ್ಲ, ತೂಕ ಮತ್ತು ಅಳತೆಯ ಕಾನೂನಿನಿಂದ ಅನ್ನೋದು ಗಮನಿಸಿ. ಮಾಲು ಯಾವಾಗಿನದು ಅಂತ ತಿಳಿಯೋದು, ತಕ್ಕಡಿ ಸರಿ ಇದೆಯಾ ಅಂತ ತಿಳಿಯುವಷ್ಟೇ ಸಹಜ ಹಕ್ಕು ಅನ್ನೋ ಯೋಚನೆ ಅದರಲ್ಲಿತ್ತು.

ಕೊನೆಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. 2011ರ ಆಗಸ್ಟ್ 5ರಿಂದ 1954ರ ಹಳೇ ಕಾಯ್ದೆಯ ಜಾಗಕ್ಕೆ ಇದು ಬಂದು ಕೂತಿತು. ಇದರ 27ನೇ ಸೆಕ್ಷನ್ ಓದಿದರೆ 1860ರಿಂದ ನಾವು ಎಷ್ಟು ದೂರ ಬಂದಿದ್ದೀವಿ ಅಂತ ಗೊತ್ತಾಗುತ್ತೆ. ಅವಧಿ ಮುಗಿದ ಮೇಲೆ ಮಾರಿದ ಆಹಾರಕ್ಕೆ ಮಾರಿದವರೇ ಹೊಣೆ. ಅವಧಿ ಮುಗಿದ ಮೇಲೆ ಪೂರೈಸಿದ ಮಾಲಿಗೆ ಸಗಟು ವ್ಯಾಪಾರಿ, ಡಿಸ್ಟ್ರಿಬ್ಯೂಟರ್ ಹೊಣೆ. ಇಲ್ಲಿ ಲ್ಯಾಬ್ ಬರೋವರೆಗೆ ಕಾಯಬೇಕಿಲ್ಲ. "ಗೊತ್ತಿರಲಿಲ್ಲ" ಅನ್ನೋ ಮಾತಿಗೂ ಬಲ ಕಡಿಮೆ, ಯಾಕಂದ್ರೆ ತಾರೀಖು ಅಂಗಡಿಯ ಶೆಲ್ಫ್ ಮೇಲೇ ಇದೆ.

ಎರಡು ತಾರೀಖು, ಎರಡು ಅರ್ಥ

ಇಲ್ಲಿ ಒಂದು ಗೊಂದಲ ಬಿಡಿಸೋಣ. "ಬೆಸ್ಟ್ ಬಿಫೋರ್" ಅಂದ್ರೆ ಆ ದಿನದವರೆಗೆ ರುಚಿ, ಗರಿಗರಿ, ಗುಣ ಪೂರ್ತಿ ಇರುತ್ತೆ ಅಂತ ತಯಾರಕರ ಭರವಸೆ. ಅದು ದಾಟಿದ ಮರುದಿನವೇ ವಿಷ ಆಗುತ್ತೆ ಅಂತ ಅರ್ಥ ಅಲ್ಲ. "ಎಕ್ಸ್‌ಪೈರಿ" ಅಥವಾ "ಯೂಸ್ ಬೈ" ಅಂದ್ರೆ ಆ ದಿನ ದಾಟಿದ ಮೇಲೆ ಸುರಕ್ಷಿತ ಅಲ್ಲದಿರಬಹುದು, ಮಾರಲೇಬಾರದು. 2020ರ ಲೇಬಲ್ ನಿಯಮಗಳ ಪ್ರಕಾರ ಎಕ್ಸ್‌ಪೈರಿ ಅಥವಾ ಯೂಸ್ ಬೈ ತಾರೀಖು ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಾದರೆ ಹೆಚ್ಚುವರಿಯಾಗಿ ಹಾಕಬಹುದು. ಹಾಗಾಗಿ ದೂರು ಕೊಡೋ ಮುಂಚೆ ಯಾವ ತಾರೀಖು ಮುಗಿದಿದೆ ಅಂತ ಸರಿಯಾಗಿ ಓದಿ.

ಪ್ಯಾಕೆಟ್ ಇಲ್ಲದ ಸಿಹಿತಿಂಡಿಗೂ ನಿಯಮ ಇದೆ. 2020ರ ಅಕ್ಟೋಬರ್ 1ರಿಂದ, ಮಿಠಾಯಿ ಅಂಗಡಿಯ ಟ್ರೇ ಮುಂದೆ ಬೆಸ್ಟ್ ಬಿಫೋರ್ ತಾರೀಖು ತೋರಿಸಬೇಕು ಅಂತ ಎಫ್‌ಎಸ್‌ಎಸ್‌ಎಐ ಹೇಳಿದೆ. ಮುಂದಿನ ಸಲ ಪೇಢೆ, ಲಾಡು ತಗೊಳ್ಳುವಾಗ ಆ ಚೀಟಿ ಇದೆಯಾ ಅಂತ ಒಮ್ಮೆ ನೋಡಿ.

ರೈತರಿಗೆ ಮೊದಲೇ ಗೊತ್ತಿದ್ದ ಪಾಠ

ಸರಿ, ತಾರೀಖು ಸಾಕ್ಷಿ ಆಯ್ತು. ಆದರೆ ಆ ಪ್ಯಾಕೆಟ್ ಇದೇ ಅಂಗಡಿಯಿಂದ, ಇವತ್ತೇ ಬಂತು ಅಂತ ತೋರಿಸೋದು ಹೇಗೆ? ಇಲ್ಲೇ ಬಹಳಷ್ಟು ದೂರುಗಳು ಮುಗ್ಗರಿಸೋದು. ಕೊಂಡಿ ಅಂದ್ರೆ ಬಿಲ್.

ರಾಣೆಬೆನ್ನೂರು ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇದು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಬೀಜದ ಪ್ಯಾಕೆಟ್ ತಗೊಳ್ಳೋ ರೈತ ಲಾಟ್ ನಂಬರ್ ನೋಡ್ತಾನೆ, ಅವಧಿ ನೋಡ್ತಾನೆ, ಬಿಲ್ ಕೇಳ್ತಾನೆ, ಪ್ಯಾಕೆಟ್ಟನ್ನ ಬೆಳೆ ಬರೋವರೆಗೂ ಮಾಡದಲ್ಲಿ ಇಟ್ಟಿರ್ತಾನೆ. ಬೀಜ ಮೊಳೆಯದಿದ್ದರೆ ಕೈಯಲ್ಲಿ ಉಳಿಯೋದು ಅಷ್ಟೇ ಅಂತ ಅವನಿಗೆ ಗೊತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದ್ದೂ ಅದಕ್ಕೆ ಹತ್ತಿರದ ಮಾತು: ಬೀಜ ಕೊಂಡ ರೈತ ಕೂಡ ಗ್ರಾಹಕನೇ, ಬಿತ್ತಿ ಮುಗಿದ ಬೀಜವನ್ನು ಲ್ಯಾಬ್‌ಗೆ ತಂದುಕೊಡು ಅಂತ ಅವನನ್ನು ಕೇಳೋದು ಸರಿ ಅಲ್ಲ. ಸಾವಿರಾರು ರೂಪಾಯಿ ಬೀಜಕ್ಕೆ ತೋರಿಸೋ ಆ ಎಚ್ಚರವನ್ನು ಮಕ್ಕಳು ತಿನ್ನೋ ಹತ್ತು ರೂಪಾಯಿ ಪ್ಯಾಕೆಟ್‌ಗೂ ತೋರಿಸಬೇಕು, ಅಷ್ಟೇ.

ಹಾಗಾದರೆ ಏನು ಮಾಡೋದು?

ಒಂದು. ತಿಂದಿಲ್ಲ ಅಂದರೆ ಪ್ಯಾಕೆಟ್ ಒಡೆಯಬೇಡಿ. ಒಡೆದಿದ್ದರೆ ಉಳಿದದ್ದನ್ನು ಅದೇ ಪ್ಯಾಕೆಟ್‌ನಲ್ಲಿ ಮಡಚಿ, ಇನ್ನೊಂದು ಕವರ್‌ನಲ್ಲಿ ಕಟ್ಟಿ ಇಡಿ. ಯಾರಿಗಾದರೂ ವಾಂತಿ, ಭೇದಿ ಆಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ, ಚೀಟಿ ಜೋಪಾನ ಮಾಡಿ.

ಎರಡು. ಫೋಟೋ ತೆಗೆಯಿರಿ. ತಾರೀಖು, ಬ್ಯಾಚ್ ನಂಬರ್, ತಯಾರಕರ ವಿಳಾಸ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಎಲ್ಲ ಕಾಣಬೇಕು. ತಾರೀಖು ಉಜ್ಜಿದ್ದರೆ, ಅದರ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನೂ ತೆಗೆಯಿರಿ.

ಮೂರು. ಬಿಲ್. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಮಾಲು ಮಾರಿ ಬಿಲ್ ಕೊಡದೇ ಇರೋದನ್ನೇ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆದಿದೆ. ಫೋನ್‌ಪೇ, ಗೂಗಲ್ ಪೇ ಮಾಡಿದ್ದರೆ ಹಣ ಯಾವಾಗ, ಯಾರಿಗೆ ಹೋಯ್ತು ಅಂತ ಗೊತ್ತಾಗುತ್ತೆ. ಆದರೆ ಏನು ಕೊಂಡಿರಿ ಅಂತ ಅದು ಹೇಳಲ್ಲ. ಎರಡೂ ಇದ್ದರೆ ಗಟ್ಟಿ.

ನಾಲ್ಕು. ಮೊದಲು ಅಂಗಡಿಗೇ ಹೋಗಿ. "ಕಾಕಾ, ಇದನ್ನ ತಗೊಂಡು ಬ್ಯಾರೇದ ಕೊಡ್ರಿ, ಇಲ್ಲಾ ರೊಕ್ಕ ವಾಪಸ್ ಕೊಡ್ರಿ. ಉಳದಿದ್ದ ಡಬ್ಬಿನೂ ಒಂದ್ಸಲ ನೋಡ್ರಿ." ಇಷ್ಟು ಸಾಕು. ಎಷ್ಟೋ ಸಲ ಸಮಸ್ಯೆ ಅಂಗಡಿಯವರದ್ದಷ್ಟೇ ಅಲ್ಲ. ಮುಗಿಯೋಕೆ ಬಂದ ಮಾಲನ್ನು ಹಳ್ಳಿಗೆ ಇಳಿಸಿ, ಆಮೇಲೆ ವಾಪಸ್ ತಗೊಳ್ಳದ ಡಿಸ್ಟ್ರಿಬ್ಯೂಟರ್ ಇದ್ದರೆ ನಷ್ಟ ಸಣ್ಣ ಅಂಗಡಿಯ ತಲೆ ಮೇಲೆ ಬೀಳುತ್ತೆ. ಅವಧಿ ಮುಗಿದ ಮೇಲೆಯೇ ಮಾಲು ಬಂದಿದ್ದರೆ 27ನೇ ಸೆಕ್ಷನ್ ಅವರನ್ನೂ ಹಿಡಿಯುತ್ತೆ. ಆದರೆ ಅಂಗಡಿಯವರ ಹತ್ತಿರವೂ ಖರೀದಿಯ ಬಿಲ್ ಇರಬೇಕು. ಇದನ್ನು ಕಾಕಾನಿಗೆ ಹೇಳಿದರೆ ನೀವು ಅವರ ವಿರುದ್ಧ ಅಲ್ಲ, ಅವರ ಜೊತೆ ನಿಂತಂಗೆ.

ಐದು. ಕೇಳಲಿಲ್ಲ ಅಂದರೆ ದೂರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100, ಅದರ ಫುಡ್ ಸೇಫ್ಟಿ ಕನೆಕ್ಟ್ ಮೂಲಕವೂ ಹೇಳಬಹುದು. ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಅಂಕಿತಾಧಿಕಾರಿ ಇರ್ತಾರೆ, ಅವರ ಕೈಕೆಳಗೆ ಆಹಾರ ಸುರಕ್ಷತಾ ಅಧಿಕಾರಿಗಳು ಇರ್ತಾರೆ. ಪರಿಹಾರ ಬೇಕಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವಿಷಯಕ್ಕೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು, ನೀವು ವಾಸ ಇರೋ ಜಿಲ್ಲೆಯಲ್ಲೇ ಕೊಡಬಹುದು. ಬೆಂಗಳೂರಿನ ಆ್ಯಪ್‌ನಿಂದ ತರಿಸಿದ ಮಾಲಿಗೂ ಹಾವೇರಿಯಲ್ಲೇ ದೂರು ಕೊಡಬಹುದು ಅಂದಂಗಾಯ್ತು. ಲ್ಯಾಬ್ ಪರೀಕ್ಷೆ ಬೇಕು ಅನ್ನಿಸಿದರೆ, ಶುಲ್ಕ ಕಟ್ಟಿ ನೀವೇ ವಿಶ್ಲೇಷಕರಿಗೆ ಕೊಡೋಕೆ 40ನೇ ಸೆಕ್ಷನ್ ಅವಕಾಶ ಕೊಡುತ್ತೆ. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗಂತ ತಿಳಿಸಿರಬೇಕು. ವರದಿ 14 ದಿನದಲ್ಲಿ ಬರಬೇಕು, ತಪ್ಪು ಸಾಬೀತಾದರೆ ಶುಲ್ಕ ವಾಪಸ್.

ಇನ್ನೊಂದು ಮಾತು. ಕೈಯಲ್ಲಿ ಫೋನ್ ಇದೆ ಅಂತ ಮೊದಲೇ ರೀಲ್ಸ್ ಹಾಕೋ ಆಸೆ ಬರುತ್ತೆ. ವಿಡಿಯೋ ಮಾಡಿ ಇಟ್ಟುಕೊಳ್ಳಿ, ಅದು ಸಾಕ್ಷಿ. ಊರಿನ ಅಂಗಡಿಯ ಹೆಸರು ಹಾಕಿ ಸ್ಟೇಟಸ್ ಹಾಕಿದರೆ ಜಗಳ ದೊಡ್ಡದಾಗುತ್ತೆ, ಡಿಸ್ಟ್ರಿಬ್ಯೂಟರ್ ಆರಾಮಾಗಿ ತಪ್ಪಿಸಿಕೊಳ್ತಾನೆ.

ಯಾರು ದೂರು ಕೊಡಬಲ್ಲರು?

1966ರಲ್ಲಿ ಮುಂಬೈನಲ್ಲಿ ಒಂಬತ್ತು ಜನ ಗೃಹಿಣಿಯರು ಸೇರಿ ಗ್ರಾಹಕರಿಗಾಗಿ ಒಂದು ಸಂಘ ಕಟ್ಟಿದರು, ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ. ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 20 ವರ್ಷ ಆದಮೇಲೆ, 1986ರಲ್ಲಿ. ಒಂಟಿ ಮನೆಯವರಿಗೆ ಬಾಯಿ ತೆರೆಯೋಕೆ ಆಗಲ್ಲ ಅನ್ನೋದು ಆ ಮಹಿಳೆಯರಿಗೆ ಗೊತ್ತಿತ್ತು. ಉದ್ರಿ ಲೆಕ್ಕ ಇರೋ ಮನೆಯ ಹುಡುಗಿಗೆ ಇವತ್ತೂ ಅದೇ ಕಷ್ಟ. ಹಾಗಾಗಿ ಸಂಘದವರು, ಸ್ವಸಹಾಯ ಗುಂಪಿನವರು, ನಾಲ್ಕು ಜನ ಗೆಳೆಯರು ಒಟ್ಟಿಗೆ ಹೋಗಿ ಹೇಳಿದರೆ ಅದು ಒಬ್ಬರ ಮೇಲಿನ ಸಿಟ್ಟಾಗಲ್ಲ, ಊರಿನ ಮಾತಾಗುತ್ತೆ.

ಕೊನೆಗೆ ಒಂದು ವಿಷಯ ಉಳಿದಿದೆ, ಅದು ಇನ್ನೂ ಇತಿಹಾಸ ಆಗಿಲ್ಲ. ಆಹಾರದ ಲೇಬಲ್ ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇದ್ದರೆ ಆಹಾರ ಕಾನೂನಿಗೆ ಸಾಕು. ಕನ್ನಡ ಬೇಕಾದರೆ ಸೇರಿಸಬಹುದು, ಅಷ್ಟೇ. ಅಂದರೆ ಪೇಪರ್ ಓದೋ, ಲೆಕ್ಕ ಬರೆಯೋ, ಆದರೆ ಕನ್ನಡ ಮಾತ್ರ ಬಲ್ಲ ನಿಮ್ಮ ಅಜ್ಜಿಗೆ ಆ ತಾರೀಖು ಇವತ್ತಿಗೂ ಒಂದು ಗುಟ್ಟಿನ ಕೋಡ್. ಮೂಗಿನ ಪರೀಕ್ಷೆ ಪ್ಯಾಕೆಟ್ ಒಳಗೆ ಹೋಯ್ತು, ಅದರ ಬದಲು ಬಂದ ತಾರೀಖನ್ನು ಅವರು ಓದೋಕಾಗಲ್ಲ. ಆ ನಿಯಮ ಬದಲಾಗೋವರೆಗೆ ಮನೆಗೆ ಬಂದ ಸಾಮಾನಿನ ಚೀಲ ಬಿಚ್ಚುವಾಗ ತಾರೀಖು ಓದಿ ಹೇಳೋ ಕೆಲಸ ನಿಮ್ಮದು. ಮುಂದಿನ ವಾರ ಸಿಗೋಣ.